ಜಾಗ ತಪ್ಪಿದ ಚುಕ್ಕಿ

ಎಲ್ಲ ಕೆಟ್ಟದ್ದು ಒಂದು ಚುಕ್ಕಿಯಿಂದ. ಗೆರೆರಾಯರ ಕಂಪ್ಯೂಟರಿನಲ್ಲಿ ಒಬ್ಬೊಬ್ಬರ ರಕ್ತಕ್ಕೂ ಒಂದೊಂದು ಚುಕ್ಕಿ; ಜ್ವರ ಬಂದವರ ಚುಕ್ಕಿಗಳು ಬಲಕ್ಕೆ, ಆರೋಗ್ಯವಂತರವು ಎಡಕ್ಕೆ ಕೂರಬೇಕು. ಆರೋಗ್ಯವಂತರದೊಂದು ಚುಕ್ಕಿ ಮಾತ್ರ ಮನೆ ತಪ್ಪಿ ಬೇರೆಯವರ ಊಟಕ್ಕೆ ಕೂತ ನೆಂಟನ ಹಾಗೆ ಬಲಗಡೆ ಕೂತಿತ್ತು.

ರೋಗಾಣು ಒಳಗೆ ಬಂದರೆ ಮೈಯ ಕಾವಲು ಕಣಗಳಲ್ಲಿ ಯಾರು ಯಾರನ್ನು ಕೂಗುತ್ತಾರೆ, ಯಾರು ಎದ್ದು ಓಡುತ್ತಾರೆ, ಯಾರು ಮಲಗೇ ಇರುತ್ತಾರೆ ಎಂದು ಇಡೀ ದೇಹವನ್ನು ಒಟ್ಟಿಗೆ ನೋಡಿ ಗೆರೆ ಎಳೆಯುವುದು ರಾಯರ ಕೆಲಸ. ಆ ಅಡ್ಡಹೆಸರು ಬಂದದ್ದೂ ಅದಕ್ಕೇ. ಹೋದ ವರ್ಷ ಇದೇ ಜ್ವರದಲ್ಲಿ ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಈ ಗೆರೆಗಳು, ಮತ್ತು ಅವಳಿಗೆ ಆ ಜ್ವರ ತಂದು ಕೊಟ್ಟವರು ಯಾರು ಎಂಬ ಪ್ರಶ್ನೆ.

ಹೋಲಿಸಿ ನೋಡಲು ಬೇಕಾದ ಆರೋಗ್ಯವಂತರ ರಕ್ತ ಕೊಡುತ್ತಿದ್ದವರು ಕಚೇರಿಯವರೇ. ಸೀಸೆಯ ಮೇಲೆ ಹೆಸರಿಲ್ಲ, ಬರೀ ನಂಬರು, ತಾರೀಕು. ಆ ಚುಕ್ಕಿಯ ಸೀಸೆಯ ತಾರೀಕನ್ನು ರಾಯರು ಎರಡು ಸಲ ಓದಿದರು. ಹೆಂಡತಿ ಕಚೇರಿಗೆ ಬಂದು ಎಲ್ಲರ ಜೊತೆ ನಕ್ಕು ಹೋದ ದಿನ ಅದು. ಮುಂದಿನ ವಾರ ಅವಳು ಹಾಸಿಗೆ ಹಿಡಿದಿದ್ದಳು. ಅಂದರೆ ಇಲ್ಲಿಯ ಯಾರೋ ಕೆಮ್ಮದೆ, ಸೀನದೆ ಜ್ವರ ಇಟ್ಟುಕೊಂಡು ಓಡಾಡಿದ್ದಾರೆ!

ನೆಟ್ಟಗೆ ಹೋಗಿ ಲೆಕ್ಕದವರ ಮೇಜಿನ ಮೇಲೆ ಬಗ್ಗಿದರು. "ಹೋದ ವರ್ಷ ಗಂಟಲು ಕೆರೀತಿತ್ತಾ ನಿಮಗೆ?"

"ಸಾರ್, ನಿನ್ನೆ ಏನು ತಿಂದೆ ಅನ್ನೋದೇ ನೆನಪಿಲ್ಲ ನನಗೆ."

"ನೆನಪಿಲ್ವೋ, ಹೇಳೋಕೆ ಇಷ್ಟ ಇಲ್ವೋ?"

ಬೆವರಿದ ಲೆಕ್ಕದವರು ಡ್ರೈವರನ್ನು ತೋರಿಸಿದರು. ಡ್ರೈವರು ಟೈಪಿಸ್ಟಳನ್ನು ತೋರಿಸಿದ. ಅವಳು ಗೊಳೋ ಎಂದು ಅತ್ತಳು. ಮಧ್ಯಾಹ್ನ ಯಾರೋ ಫ್ಯಾನಿನ ಧೂಳಿಗೆ ಒಂದು ಸೀನು ಸೀನಿದ್ದಕ್ಕೆ ಕ್ಯಾಂಟೀನಿಗೆ ಕ್ಯಾಂಟೀನೇ ಖಾಲಿಯಾಯಿತು.

ಕೊನೆಗೆ ರಾಯರು ದೊಡ್ಡ ಸಾಹೇಬರ ಬಾಗಿಲಿಗೆ ಅಡ್ಡ ನಿಂತರು. "ಆ ನಂಬರ್ ಯಾರದ್ದು? ಎಲ್ಲರ ಎದುರಿಗೇ ಹೇಳಿ."

"ಹೇಳೋ ಹಾಗಿಲ್ಲ ರಾಯರೇ. ಹೆಸರು ಹೊರಗೆ ಬರಲ್ಲ ಅಂತ ಮಾತು ಕೊಟ್ಟೇ ರಕ್ತ ತಗೊಂಡಿರೋದು."

"ನನ್ನ ಹೆಂಡತಿಗೆ ಯಾರು ಮಾತು ಕೊಟ್ಟಿದ್ರು ಸಾರ್?"

ಆಗ ಎಲ್ಲರ ರಕ್ತ ತೆಗೆದು ಸೀಸೆಗೆ ನಂಬರು ಅಂಟಿಸುವ ನರ್ಸಮ್ಮ ಮುಂದೆ ಬಂದರು. "ಸಾಕು ಸಾರ್. ಅದು ನಂದು."

ರಾಯರು ಒಂದು ವರ್ಷದ ಸಿಟ್ಟನ್ನು ಆಕೆಯ ಮೇಲೆ ಸುರಿದರು. "ಜ್ವರ ಹಂಚೋಕೆ ನರ್ಸ್ ಆಗ್ಬೇಕಿತ್ತಾ? ಮನೇಲೇ ಇರ್ಬಾರ್ದಿತ್ತಾ?" ಎಂದರು. ಹೇಳಬಾರದ್ದನ್ನೂ ಹೇಳಿದರು. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಖಾಲಿ ಕ್ಯಾಂಟೀನಿನಲ್ಲಿ ಕೂತು ರಾಯರು, ಹೆಂಡತಿ ಹೋದ ಮೇಲೆ ಮೊದಲ ಸಲ, ಹೊಟ್ಟೆ ತುಂಬ ಉಂಡರು. ಎದೆ ಹಗುರವಾಗಿತ್ತು.

ಸಂಜೆ ಆ ಚುಕ್ಕಿಯನ್ನು ತೆಗೆದುಹಾಕಲು ಕೂತಾಗ ಬೆರಳು ಅಲ್ಲೇ ನಿಂತಿತು. ಸಕ್ಕರೆ ಕಾಯಿಲೆಯವರ ರಕ್ತ ಆರೋಗ್ಯವಂತರ ಗುಂಪಿಗೆ ಬರುವಂತಿಲ್ಲ. ನರ್ಸಮ್ಮನಿಗೆ ಸಕ್ಕರೆ ಕಾಯಿಲೆ. ನಿಮ್ಮದು ಬೇಡ ಎಂದು ಆಕೆಯನ್ನು ವಾಪಸ್ ಕಳಿಸಿದ್ದವರು ಸ್ವತಃ ರಾಯರೇ.

ಎದ್ದುಬಿದ್ದು ಓಡಿದರು. ರಕ್ತ ತೆಗೆಯುವ ಕೋಣೆಯಲ್ಲಿ ನರ್ಸಮ್ಮ ಮನೆಗೆ ಹೊರಡುತ್ತಿದ್ದರು.

"ಸಿಸ್ಟರ್, ನಿಮ್ಮ ರಕ್ತ ನಾವು ತಗೊಂಡೇ ಇಲ್ಲ. ಯಾರನ್ನ ಬಚಾವ್ ಮಾಡ್ತಿದೀರಿ?"

"ಹೋಗ್ಲಿ ಬಿಡಿ ಸಾರ್."

"ಹೇಳಿ!"

ಆಕೆ ಕೈಚೀಲ ಕೆಳಗಿಟ್ಟರು. "ಅವತ್ತು ನಿಮ್ಮ ನರ ಸಿಗ್ಲಿಲ್ಲ. ಎರಡು ಸಲ ಚುಚ್ಚಿದೆ. ನೀವು ಮುಖ ಕಿವುಚಿದ್ದು ನೋಡಿ ಅಮ್ಮಾವ್ರು ಪಕ್ಕದಲ್ಲೇ ನಿಂತು ನಗ್ತಿದ್ರು. ಆ ಸೀಸೆನೇ ಸಾರ್ ಅದು."

ರಾಯರಿಗೆ ಆ ವಾರ ಒಂದು ಸೀನೂ ಬಂದಿರಲಿಲ್ಲ; ಹಾಗಾಗಿ ತಮ್ಮ ಸೀಸೆಯ ಮೇಲೆ ಅನುಮಾನವೇ ಬಂದಿರಲಿಲ್ಲ. ಅವರ ಮೈ ಸದ್ದಿಲ್ಲದೆ ಗೆದ್ದು, ಜ್ವರವನ್ನು ಮನೆಗೆ ಒಯ್ದು ಅವಳ ಕೈಗೆ ಕೊಟ್ಟಿತ್ತು. ರಕ್ತ ತೆಗೆಯುವ ಕುರ್ಚಿಯಲ್ಲೇ ಕುಸಿದು ಬಿಕ್ಕಿಬಿಕ್ಕಿ ಅತ್ತರು.

"ಮಧ್ಯಾಹ್ನ ಅಂದಿದ್ದನ್ನೆಲ್ಲ ವಾಪಸ್ ತಗೋತೀನಿ ಸಿಸ್ಟರ್," ಎಂದರು ಕೊನೆಗೆ.

"ಬೇಡ ಸಾರ್, ನನ್ನ ಹತ್ರಾನೇ ಇರ್ಲಿ," ಎಂದರು ನರ್ಸಮ್ಮ. "ವಾಪಸ್ ತಗೊಂಡು ಅದನ್ನ ಯಾರ ಮೇಲೆ ಹಾಕ್ತೀರಿ?"