ಕಿಟ್ಲಿಯ ಕಿವಿ, ನನ್ನ ಹುಬ್ಬು

ವಿಜ್ಞಾನ ಕಲಿಸುವವನ ಮನೆಯಲ್ಲಿ ಸಾಮಾನುಗಳಿಗೆ ಆಯುಷ್ಯ ಕಡಿಮೆ. ಬೇರೆಯವರು ಮುರಿದದ್ದನ್ನು ಮುರಿಯಿತೆಂದು ಒಪ್ಪಿ ಅಟ್ಟಕ್ಕೆ ಎಸೆಯುತ್ತಾರೆ. ನಾವು ಅದು ಯಾಕೆ ಮುರಿಯಿತೆಂದು ವಿಚಾರ ಮಾಡಿ, ರಿಪೇರಿಗೆ ಕೂತು, ಪಕ್ಕದಲ್ಲಿದ್ದುದನ್ನೂ ಮುರಿಯುತ್ತೇವೆ. ಸಿಂದಗಿಯ ಹೈಸ್ಕೂಲಿನಲ್ಲಿ ನಾನು ಮಾಸ್ತರನಾಗಿದ್ದಾಗ, ಒಂದು ಪಂಚಮಿಗೆ ನನ್ನ ಹೆಂಡತಿ ಬಾಗೇವಾಡಿಯ ತವರಿಗೆ ಹೊರಟಳು. ಬಸ್ ಹತ್ತುವಾಗ ಒಂದೇ ಮಾತು ಹೇಳಿದಳು: "ಏನರ ಮಾಡ್ಕೋರಿ, ನನ್ನ ಕಿಟ್ಲಿ ಒಂದು ಮುಟ್ಟಬ್ಯಾಡ್ರಿ."

ಆ ಕಿಟ್ಲಿ ಅವಳ ಅಣ್ಣ ಸೊಲ್ಲಾಪುರದಿಂದ ತಂದುಕೊಟ್ಟ, ಚಹಾ ಕಾಸುವ ಜರ್ಮನ್ ಕಿಟ್ಲಿ. ಅಲ್ಯುಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಅಂತಲೇ ಹೆಸರು. ಜರ್ಮನಿಯವರು ಅದಕ್ಕೆ ಏನು ಉಪಕಾರ ಮಾಡಿದ್ದರೋ ನಾನರಿಯೆ. ಹೂವಿನಷ್ಟು ಹಗುರ, ಬೆಳ್ಳಿಯಂಥ ಹೊಳಪು. ಬೀಗರು ಬಂದಾಗ ಮಾತ್ರ ಹೊರಗೆ ಬರುತ್ತಿತ್ತು. ಮುಟ್ಟಬೇಡ ಅಂದ ಮೇಲೆ ಮುಟ್ಟದಿರಲು ನಾನೇನು ಸನ್ಯಾಸಿಯೇ? ಮೂರನೆಯ ದಿನ ಅದರಲ್ಲೇ ಚಹಾಕ್ಕೆ ನೀರಿಟ್ಟು ಪೇಪರು ಹಿಡಿದೆ. ಅಗ್ರಲೇಖನ ಮುಗಿಯುವಷ್ಟರಲ್ಲಿ ನೀರೆಲ್ಲ ಆರಿ ಕಿಟ್ಲಿ ಕೆಂಡದಂತೆ ಕಾದಿತ್ತು. ಗಾಬರಿಯಿಂದ ಎತ್ತಿದೆ. ಹಿಡಿಕೆ ಕೈಗೆ ಬಂತು, ಅದನ್ನು ಸಿಕ್ಕಿಸಿದ್ದ ಒಂದು ಕಿವಿ ಮುರಿದು ಒಲೆಯೊಳಗೆ ಬಿತ್ತು.

ತವರಿನ ಸಾಮಾನು ಮುರಿದರೆ ಅದು ಸಾಮಾನಿನ ಮಾತಾಗಿ ಉಳಿಯುವುದಿಲ್ಲ. ಮೊದಲು ಅವಳ ಅಣ್ಣನ ಮಾತಾಗುತ್ತದೆ, ಅಲ್ಲಿಂದ ನನ್ನ ತಂಗಿಯ ಮಾತಾಗುತ್ತದೆ, ಕೊನೆಗೆ ನಮ್ಮ ಮದುವೆಯಲ್ಲಿ ಬಡಿಸಿದ ಸಾರಿನ ತನಕ ಹೋಗುತ್ತದೆ. ಅವಳು ರವಿವಾರದ ಬಸ್ಸಿಗೆ ಬರುವವಳು. ಶನಿವಾರ ಮಧ್ಯಾಹ್ನವೇ ಕಿಟ್ಲಿಯನ್ನು ಧೋತರದ ಸೆರಗಿನಲ್ಲಿ ಮುಚ್ಚಿಕೊಂಡು ಪಾತ್ರೆಗೆ ಕಲಾಯಿ ಹಾಕುವ ಹುಸೇನಸಾಬರ ಅಂಗಡಿಗೆ ಓಡಿದೆ.

ಅವರು ತಿರುಗಿಸಿ ನೋಡಿ, "ಜರ್ಮನ್ನಿಗೆ ಬೆಸಿಗಿ ಹತ್ತಂಗಿಲ್ರಿ ಮಾಸ್ತರ. ತಗಡಿನ ಕಿವಿ ಇಟ್ಟು ಎರಡು ರಿವೆಟ್ ಬಡೀತೇನಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರತೈತಿ" ಅಂದರು.

"ರಿವೆಟ್ ಕಾಣತಾವಲ್ರೀ! ಕಾಣಬಾರದು!"

"ಯಾರಿಗೆ?"

ನಾನು ಬಾಗೇವಾಡಿಯ ರಸ್ತೆಯ ಕಡೆ ನೋಡಿದೆ. ಅವರಿಗೂ ಮದುವೆಯಾಗಿತ್ತು, ತಿಳಿದುಕೊಂಡರು. ನನ್ನ ಸಮಾಧಾನಕ್ಕೆ ನವಸಾಗರದ ಪುಡಿ ತಿಕ್ಕಿ, ಕಲಾಯಿಯ ತವರ ಕರಗಿಸಿ ಸುರಿದರು. ಅದು ಕೆಸವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಕೆಳಗೆ ಬಿತ್ತು. ಮೂರು ಸಲ ಸುರಿದರು, ಮೂರು ಸಲ ಉರುಳಿತು.

ಆಗ ನನ್ನೊಳಗಿನ ವಿಜ್ಞಾನಿ ಎದ್ದ. ಹಗುರ ಲೋಹಕ್ಕೆ ಹಗುರ ಲೋಹವೇ ಜೋಡಿ, ತವರದಂಥ ಭಾರದ್ದು ಹೇಗೆ ಹತ್ತೀತು ಎಂದು ಭಾಷಣ ಬಿಗಿದೆ. ಹುಸೇನಸಾಬರು ತಲೆ ಕೆರೆದುಕೊಂಡು, ಮಿಲಿಟರಿಯಿಂದ ಬಂದ ಅವರ ಭಾವ ಕೊಟ್ಟಿದ್ದ ಒಂದು ತುಂಡನ್ನು ಪೆಟ್ಟಿಗೆಯಿಂದ ತೆಗೆದರು. "ಇದು ಹಾರೋ ಇಮಾನದ್ದಂತರಿ. ಜರ್ಮನ್ನಿಗಿಂತ ಹಗರ ಐತಿ." ನಾನು ಹಿಗ್ಗಿ ಹೀರೇಕಾಯಿಯಾದೆ. ಅವರು ಅದನ್ನು ಅರದಿಂದ ಉಜ್ಜಿ ಕಿವಿಯ ಆಕಾರಕ್ಕೆ ತಂದರು. ಪುಡಿಯೆಲ್ಲ ಒಲೆಯ ಅಂಚಿನಲ್ಲಿ ಬಿತ್ತು. ತಿದಿ ಒತ್ತುವ ಕೆಲಸ ನನ್ನದು. ಉತ್ಸಾಹದಿಂದ ಒತ್ತಿದೆ, ಪುಡಿ ಕೆಂಡಕ್ಕೆ ಜಾರಿತು.

ಭಗ್ಗೆಂದಿತು! ಕಣ್ಣು ಕೋರೈಸುವ ಬಿಳಿ ಬೆಳಕು. ಹುಸೇನಸಾಬರು "ಯಾ ಅಲ್ಲಾ!" ಅಂದರು. ನಾನು ವರ್ಷಕ್ಕೊಮ್ಮೆ ಚಿಮಟದಲ್ಲಿ ಮೆಗ್ನೀಸಿಯಂ ಪಟ್ಟಿ ಹಿಡಿದು ಇದೇ ಬೆಳಕನ್ನು ತರಗತಿಗೆ ತೋರಿಸುತ್ತೇನೆ. 'ಇದು ಹತ್ತಿಕೊಂಡರೆ ನೀರು ಹಾಕಬಾರದು, ಮರಳು ಹಾಕಬೇಕು' ಎಂದು ಬರೆಸುತ್ತೇನೆ. ತಪ್ಪು ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಅಂಥ ನಾನು ಪಕ್ಕದ ಕೊಡ ಎತ್ತಿ ನೀರು ಸುರಿದೆ.

ಜ್ವಾಲೆ ಎದ್ದು ನನ್ನ ಮುಖ ನೆಕ್ಕಿ ಹೋಯಿತು. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟ ಹುಸೇನಸಾಬರು ಎರಡು ಬೊಗಸೆ ಮಣ್ಣು ಹಾಕಿ ಅದನ್ನು ಆರಿಸಿದರು. ಆಮೇಲೆ ತಗಡಿನ ಕಿವಿ ಕತ್ತರಿಸಿ, ಎರಡು ರಿವೆಟ್ ಬಡಿದು, ಮೇಲೆ ಹೊಳಪು ಬರುವಂತೆ ತಿಕ್ಕಿ ಕೊಟ್ಟರು. ದೂರದಿಂದ ನೋಡಿದರೆ ಗೊತ್ತಾಗುತ್ತಿರಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ರವಿವಾರ ಹೆಂಡತಿ ಉಂಡಿಯ ಡಬ್ಬಿ ಹಿಡಿದು ಬಸ್ಸಿನಿಂದ ಇಳಿದಳು. ಕಿಟ್ಲಿಯ ಬಗ್ಗೆ ಕೇಳಿದರೆ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಅವಳು ಕಿಟ್ಲಿಯನ್ನು ಕೇಳಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಹುಬ್ಬು ಎಲ್ಲಿ ಹೋದೂರಿ?"

ಇದಕ್ಕೆ ನಾನು ತಯಾರಾಗಿರಲಿಲ್ಲ. "ಬಿಸಲಿಗೆ…" ಅಂದೆ. ಅವಳು ಮನೆಗೆ ಬಂದವಳೇ ನೇರ ಅಡಿಗೆಮನೆಗೆ ಹೋದಳು. ಕಿಟ್ಲಿ ಹಿಡಿದು ಹೊರಗೆ ಬಂದು ರಿವೆಟ್ಟಿನ ಮೇಲೆ ಬೆರಳಾಡಿಸಿದಳು. "ಹುಬ್ಬರ ಮತ್ತ ಬೆಳೀತಾವು. ಕಿಟ್ಲಿಗೆ ಕಿವಿ ಬೆಳೀತೈತೇನ್ರಿ?" ಅಂದಳು. ಕಣ್ಣು ತುಂಬಿದ್ದವು. ನನಗೆ ನಿಜವಾಗಿಯೂ ಕೆಟ್ಟದೆನಿಸಿತು. ಮತ್ತೊಮ್ಮೆ ನನ್ನ ಬೋಳು ಮುಖ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು, ತಡೆಯಲಾಗದೆ ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತುಬಿಟ್ಟಳು. ಮರುದಿನ ಬೆಳಿಗ್ಗೆ ಅವಳೇ ಕಾಡಿಗೆಯಿಂದ ಹುಬ್ಬು ತೀಡಿ ನನ್ನನ್ನು ಸಾಲೆಗೆ ಕಳಿಸಿದಳು.

ಊರಿಗೆ ಏನೂ ಗೊತ್ತಾಗಲಿಲ್ಲವೆಂದೇ ತಿಳಿದಿದ್ದೆ. ವರ್ಷದ ಪರೀಕ್ಷೆಯಲ್ಲಿ ಎಂದಿನಂತೆ 'ಮೆಗ್ನೀಸಿಯಂ ಹತ್ತಿಕೊಂಡರೆ ನೀರು ಯಾಕೆ ಹಾಕಬಾರದು?' ಎಂದು ಕೇಳಿದ್ದೆ. ಒಂದು ಉತ್ತರಪತ್ರಿಕೆಯಲ್ಲಿ ಹೀಗೆ ಬರೆದಿತ್ತು: 'ಹಾಕಿದರೆ ಹುಬ್ಬು ಹೋಗುತ್ತವೆ.' ಪುಸ್ತಕದಲ್ಲಿ ಇಲ್ಲದ ಉತ್ತರ. ಬಹಳ ಹೊತ್ತು ಯೋಚಿಸಿ ಪೂರ್ತಿ ಅಂಕ ಕೊಟ್ಟೆ.