ವಾರ್ತೆಗೆ ಮುಂಚಿನ ಮಿಸ್ಡ್ ಕಾಲ್

ರಾದಿಶಾನಿಗೆ ಪ್ರಪಂಚದಲ್ಲಿ ಇಬ್ಬರನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ಫೋನ್ ಕಂಪನಿ, ಇನ್ನೊಂದು ಹೆಂಡತಿಯ ತಾಯಿ ಮಿಲುಂಕಾ. ಹೋದ ಬೇಸಿಗೆಯಲ್ಲಿ ಈ ಎರಡು ಶಕ್ತಿಗಳು ಒಂದಾಗಿ ಅವನ ಮೇಲೆ ಬಿದ್ದಿದ್ದವು. ಗ್ರೀಸಿನ ಕಡಲ ದಂಡೆಯಲ್ಲಿ ಕೂತ ಹೆಂಡತಿ ಸ್ಲಾವ್ಕಾಗೆ ಅತ್ತೆಯವರು ಸರ್ಬಿಯಾದಿಂದ ಫೋನ್ ಮಾಡಿ, ಮೆಣಸಿನಕಾಯಿ ಸುಡುವ ವಿಧಾನವನ್ನು ಸಾಂಗವಾಗಿ ವಿವರಿಸಿದ್ದರು. (ಪರದೇಶದಲ್ಲಿ ಕರೆ ಬಂದರೂ ದುಡ್ಡು ನಮ್ಮದೇ ಎಂಬ ಘೋರ ಸತ್ಯ ಆಗ ಗೊತ್ತಿರಲಿಲ್ಲ.) ಬಿಲ್ ನೋಡಿ ರಾದಿಶಾ ಆ ಚಳಿಗಾಲ ಕಾರಿಗೆ ಹೊಸ ಟೈರು ಹಾಕಿಸುವ ಆಸೆ ಬಿಟ್ಟ.

"ಈ ಸಲ ರೋಮಿಂಗಿಗೆ ಒಂದು ದಿನಾರ್ ಕೂಡ ಕೊಡಲ್ಲ," ಎಂದು ಅಡುಗೆಮನೆಯಲ್ಲಿ ನಿಂತು ಘೋಷಿಸಿದ.

"ಕೊಟ್ಟರೆ?" ಎಂದಳು ಸ್ಲಾವ್ಕಾ.

"ಕೊಟ್ಟರೆ ನೀನು ಹೇಳಿದ ಹಾಗೆ ಕೇಳ್ತೀನಿ."

"ಹಾಗಾದ್ರೆ ಮುಂದಿನ ವರ್ಷ ಅಮ್ಮನೂ ನಮ್ಮ ಜೊತೆ ಕಾರಲ್ಲಿ ಬರ್ತಾಳೆ. ಬಿಲ್ ಬರದಿದ್ರೆ ಆ ಮಾತೇ ಎತ್ತಲ್ಲ."

ರಾದಿಶಾ ಕಿಟಕಿಯಿಂದ ಕಾರಿನ ಕಡೆ ಒಮ್ಮೆ ನೋಡಿದ. ಆದರೂ ಕೈ ಕುಲುಕಿದ.

ಗ್ರೀಸಿನಲ್ಲಿ ಅವರು ತಂಗುವ ಮನೆಯಲ್ಲಿ ವೈಫೈ ಏನೋ ಇತ್ತು. ಆದರೆ ಸರ್ಬಿಯಾದ ತಮ್ಮೂರು ಕ್ರಾಲ್ಯೆವೊದಲ್ಲಿರುವ ಅತ್ತೆಯ ಫೋನು ಗೋಡೆಗೆ ತಂತಿಯಿಂದ ಕಟ್ಟಿ ಹಾಕಿದ್ದು. ಅದಕ್ಕೆ ಅವನು ನಮ್ಮೆಲ್ಲರ ಪ್ರಾಚೀನ ವಿದ್ಯೆಯಾದ ಮಿಸ್ಡ್ ಕಾಲನ್ನೇ ಹಿಡಿದ. ಅತ್ತೆಯನ್ನು ಕೂರಿಸಿಕೊಂಡು ಪಾಠ ಮಾಡಿದ.

"ಅತ್ತೆ, ದಿನಾ ಸಂಜೆ ಒಂದೇ ಒಂದು ರಿಂಗ್ ಕೊಡ್ತೀನಿ. ಏಳೂವರೆಯ ಟೀವಿ ವಾರ್ತೆ ಮುಗಿದ ಮೇಲೆ ಬಂದ್ರೆ ನಾವು ಚೆನ್ನಾಗಿದೀವಿ ಅಂತ. ವಾರ್ತೆಗೆ ಮುಂಚೆ ಬಂದ್ರೆ ಏನೋ ತೊಂದರೆ ಅಂತ. ಏನಾದ್ರೂ ಸರಿ, ಫೋನ್ ಎತ್ತಬೇಡಿ!"

"ಎತ್ತಿದ್ರೆ?"

"ನಾನು ಸತ್ತೆ ಅಂತ ತಿಳ್ಕೊಳ್ಳಿ."

ಅತ್ತೆ ತಲೆಯಾಡಿಸಿದರು. ಅಳಿಯನ ಮಾತನ್ನು ಅವರು ಮರುಮಾತಿಲ್ಲದೆ ಒಪ್ಪಿದ್ದು ಅದೇ ಮೊದಲು.

ಕಾರಿನ ಡಿಕ್ಕಿಗೆ ಕಾಫಿಪುಡಿ, ಮಾಂಸದ ಡಬ್ಬಿಗಳು, ಹಿಟ್ಟು, ಒಂದು ಕಲ್ಲಂಗಡಿ ಎಲ್ಲ ತುಂಬಿಕೊಂಡು ಹೊರಟರು. ಗ್ರೀಸಿನಲ್ಲಿ ಇವು ಸಿಗುವುದಿಲ್ಲವೆಂದಲ್ಲ. ಅಲ್ಲಿ ಕೊಳ್ಳುವುದು ಕ್ರಾಲ್ಯೆವೊದವರ ಮರ್ಯಾದೆಗೆ ಒಪ್ಪುವುದಿಲ್ಲ. ಗ್ರೀಸಿನ ಗಡಿ ದಾಟಿದ ಕೂಡಲೇ ರಾದಿಶಾ ಕಾರು ನಿಲ್ಲಿಸಿ ಕೈಗಡಿಯಾರವನ್ನು ಅಲ್ಲಿನ ಸಮಯಕ್ಕೆ ಸರಿಯಾಗಿ ಒಂದು ಗಂಟೆ ಮುಂದಕ್ಕೆ ತಿರುಗಿಸಿದ. "ಶಿಸ್ತು ಅಂದ್ರೆ ಇದು ಕಣೇ," ಎಂದ. ಸ್ಲಾವ್ಕಾ ಆಕಳಿಸಿದಳು.

ಆಮೇಲಿನ ದಿನಗಳು ವಿಜಯೋತ್ಸವದ ದಿನಗಳು. ಹಗಲೆಲ್ಲ ಫೋನಿಗೆ ನಿದ್ರೆ. ಸಂಜೆ ಎಂಟೂಕಾಲಿಗೆ ರಾದಿಶಾ ಮುಖ ತೊಳೆದು, ಸಂಧ್ಯಾವಂದನೆಯ ನಿಷ್ಠೆಯಿಂದ ಬಾಲ್ಕನಿಯಲ್ಲಿ ನಿಂತು ಫೋನ್ ಹಚ್ಚುವನು. ಒಂದು ರಿಂಗ್. ಕಟ್. ಮತ್ತೆ ಫೋನಿಗೆ ನಿದ್ರೆ.

"ವಾರ್ತೆ ಈಗತಾನೇ ಮುಗಿದಿರುತ್ತೆ. ಅತ್ತೆ ನೆಮ್ಮದಿಯಾಗಿ ಮಲಗ್ತಾರೆ," ಎನ್ನುವನು. ಪಕ್ಕದ ಕೋಣೆಯ ಪ್ರವಾಸಿಗಳು ಫೋನಿನಲ್ಲಿ ಹರಟುವುದು ಕಂಡರೆ ಅವರ ಮೇಲೆ ಕನಿಕರ ಸುರಿಸುವನು. ಅಷ್ಟು ಸುಖವಾಗಿ ಅವನು ಎಂದೂ ಈಜಿರಲಿಲ್ಲ.

ಒಂದು ಬೆಳಿಗ್ಗೆ ಇಬ್ಬರೂ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಕೆಳಗೆ ಬೀದಿಯಲ್ಲಿ ಬಸ್ಸು ನಿಂತಿತು. ಮೊದಲು ಒಂದು ಗೋಣಿಚೀಲ ಇಳಿಯಿತು. ಆಮೇಲೆ ಕಾರು ಎಳೆಯುವ ದಪ್ಪ ಹಗ್ಗ. ಅದರ ಹಿಂದೆ ಅತ್ತೆ.

"ಅಮ್ಮಾ!" ಎಂದು ಚೀರಿ ಸ್ಲಾವ್ಕಾ ಕೆಳಗೆ ಓಡಿದಳು. ರಾದಿಶಾನ ಬಟ್ಟಲಿನ ಕಾಫಿ ಚಡ್ಡಿಯ ಮೇಲೆ ಚೆಲ್ಲಿತು.

ಮಿಲುಂಕಾ ಮಗಳನ್ನು ತಬ್ಬಿಕೊಂಡು ಅತ್ತರು. ಅಳಿಯ ಮೆಟ್ಟಿಲಿಳಿದು ಬರುವುದನ್ನು ನೋಡಿ ಅಳು ನಿಂತಿತು.

"ಇವನು ಇದಾನಲ್ಲ!" ಎಂದರು. ದನಿಯಲ್ಲಿ ಸಂತೋಷಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

"ಇರದೇ ಏನು ಅತ್ತೆ?"

"ಏನಪ್ಪಾ ಅಂದ್ರೆ? ದಿನಾ ವಾರ್ತೆಗೆ ಮುಂಚೇನೇ ರಿಂಗು! ಮೊದಲನೇ ದಿನ ಕಾರು ಕೆಟ್ಟಿರಬೇಕು ಅಂದ್ಕೊಂಡೆ, ಹಗ್ಗ ತೆಗೆದಿಟ್ಟೆ. ಮಾರನೇ ದಿನ ಯಾರೋ ಆಸ್ಪತ್ರೇಲಿದಾರೆ ಅಂದ್ಕೊಂಡೆ, ಸೂಪಿಗೆ ಕೋಳಿ ಕೊಯ್ದೆ. ಆಮೇಲೂ ನಿಲ್ಲಲಿಲ್ಲ. ಫೋನ್ ಎತ್ತಬೇಡಿ ಅಂತ ನೀನೇ ಅಂದಿದ್ದೆ, ಎತ್ತಲಿಲ್ಲ. ಕೊನೆಗೆ ಕಪ್ಪು ಬಟ್ಟೆ ಇಸ್ತ್ರಿ ಮಾಡಿಸ್ಕೊಂಡು ಬಂದೆ. ಸ್ಲಾವ್ಕಾ, ನಿನಗೂ ಒಂದು ಜೊತೆ ತಂದಿದೀನಿ."

ಅಂದರೆ ಹೋದವನು ಯಾರೆಂದು ಅತ್ತೆ ಆಗಲೇ ತೀರ್ಮಾನಿಸಿದ್ದರು!

"ಎಂಟೂಕಾಲಿಗೆ ಕೊಟ್ಟಿದೀನಿ! ವಾರ್ತೆ ಆದ ಮೇಲೆ!" ಎಂದು ರಾದಿಶಾ ಕೂಗಾಡಿದ. "ನೋಡಿ, ನನ್ನ ಗಡಿಯಾರ ಒಂದು ನಿಮಿಷ ಹಿಂದೆಮುಂದೆ ಆಗಲ್ಲ. ಈಗ ಹತ್ತು ಗಂಟೆ!"

ಅತ್ತೆ ತಮ್ಮ ಕೈ ನೋಡಿಕೊಂಡರು. "ನನ್ನದ್ರಲ್ಲಿ ಒಂಬತ್ತು, ನಮ್ಮೂರಿನ ಟೈಮು."

ಸ್ಲಾವ್ಕಾ ಗಂಡನ ಕಡೆ ನಿಧಾನವಾಗಿ ತಿರುಗಿದಳು. "ಶಿಸ್ತು ಅಂದ್ರೆ ಏನು ಅಂದ್ರಿ?"

ಉಳಿದ ರಜೆಯಲ್ಲಿ ಅತ್ತೆ ಕಡಲಿಗಿಳಿದರು, ಕೋಳಿ ಸೂಪು ಕಾಯಿಸಿದರು, ಮನೆಯೊಡತಿ ತಸೂಲಾಳೊಂದಿಗೆ ಕೈಸನ್ನೆಯಲ್ಲೇ ಗಳಸ್ಯಕಂಠಸ್ಯವಾದರು. ರಾದಿಶಾ ಹಲ್ಲು ಕಚ್ಚಿ ಸಹಿಸಿದ. ಪಂದ್ಯ ಇನ್ನೂ ಬಾಕಿ ಇತ್ತಲ್ಲ!

ಊರಿಗೆ ಬಂದ ಮೇಲೆ ಬಿಲ್ ಬಂತು. ರೋಮಿಂಗಿನ ಮುಂದೆ ಸೊನ್ನೆ, ದುಂಡಗೆ, ಮುದ್ದಾಗಿ ಕೂತಿತ್ತು. ರಾದಿಶಾ ಅದನ್ನು ಮುದ್ದಿಟ್ಟು, ಅಡುಗೆಮನೆಯಲ್ಲಿ ಎರಡು ಹೆಜ್ಜೆ ಕುಣಿದೇ ಬಿಟ್ಟ.

"ಗೆದ್ದೆ! ಮುಂದಿನ ವರ್ಷ ನಿಮ್ಮಮ್ಮ ನಮ್ಮ ಕಾರಲ್ಲಿ ಬರೋ ಹಾಗಿಲ್ಲ!"

"ಗೆದ್ರಿ ಬಿಡಿ," ಎಂದಳು ಸ್ಲಾವ್ಕಾ, ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತ. "ಅಮ್ಮ ನಮ್ಮ ಜೊತೆ ಬರಲ್ಲ. ಬಸ್ಸಲ್ಲಿ ಮೊದಲೇ ಹೋಗಿರ್ತಾಳೆ. ತಸೂಲಾ ನಮ್ಮ ಪಕ್ಕದ ಕೋಣೇನ ಇಡೀ ಬೇಸಿಗೆಗೆ ಅವಳಿಗೇ ಬಿಟ್ಟುಕೊಟ್ಟಿದಾಳೆ."

ರಾದಿಶಾನ ಕಾಲು ಅರ್ಧ ಕುಣಿತದಲ್ಲೇ ನಿಂತಿತು.

"ಯೋಚನೆ ಮಾಡಿ ನೋಡ್ರೀ," ಎಂದು ಅವಳು ಸಮಾಧಾನ ಹೇಳಿದಳು, "ಇನ್ನು ಮೇಲೆ ಅಮ್ಮನಿಗೆ ಮಿಸ್ಡ್ ಕಾಲ್ ಕೂಡ ಕೊಡಬೇಕಾಗಿಲ್ಲ. ಗೋಡೆ ತಟ್ಟಿದ್ರೆ ಸಾಕು."