ಕೇಳಿ ಹರಿದ ಪತ್ರಿ

ನಮ್ಮ ಸೋದರತ್ತೆಯಂಥ ಜಿಪುಣ ಶಿವಭಕ್ತೆ ಹಳಿಯಾಳದ ಸುತ್ತ ಇನ್ನೊಬ್ಬಳಿರಲಿಲ್ಲ. ಲಿಂಗಕ್ಕೆ ಏರಿಸಿದ ಬಿಲ್ವಪತ್ರಿಯನ್ನೇ ತೊಳೆದು ಮರುದಿನ ಮತ್ತೆ ಏರಿಸುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ, ಡೈರಿಯಲ್ಲಿ ಬರೆದೂ ಇಟ್ಟಿದ್ದೇನೆ: ಒಂದೇ ಪತ್ರಿ, ಹನ್ನೊಂದು ಪೂಜೆ!

"ಪತ್ರಿ ಹಳಸೂದಿಲ್ಲೋ ತಮ್ಮಾ. ತೊಳದ್ರ ಹೊಸಾದು" ಎನ್ನುತ್ತಿದ್ದಳು.

ಊರಿಗೆ ಇದ್ದದ್ದು ಒಂದೇ ಪತ್ರಿ ಗಿಡ, ನಮ್ಮ ಮನೆಯೆದುರು ರಸ್ತೆಯಂಚಿನಲ್ಲಿ. ಸೋಮವಾರ ಹರಿಯಬಾರದೆಂದು ರವಿವಾರ ಸಂಜೆಯೇ ಅದರ ಮುಂದೆ ಕೈಯೊಡ್ಡಿ ನಿಲ್ಲುವಳು. "ಯಪ್ಪಾ, ಮೂರು ಪತ್ರಿ ಕೊಡ್ತಿಯೇನು?" ಎಲೆ ಅಲುಗಿದರೆ ಒಪ್ಪಿಗೆ. ಗಾಳಿಯಿಲ್ಲದ ದಿನ ಬರಿಗೈಯಲ್ಲಿ ಬಂದು, "ಇವತ್ತ ಅವಗ ಮನಸಿಲ್ಲ" ಎಂದು ಹಳೆಯದನ್ನೇ ತೊಳೆಯುವಳು.

ಪರೀಕ್ಷೆಗೆಂದು ನಾನೊಮ್ಮೆ ಕೇಳದೆ ಒಂದು ಹರಿದು ತಂದೆ. ಅತ್ತೆ ಮುಟ್ಟಲಿಲ್ಲ. "ಕದ್ದದ್ದು ಶಿವಗ ನಡಿಯಂಗಿಲ್ಲ." ಅದು ಡೈರಿಯ ಪುಟಗಳ ನಡುವೆ ಸೇರಿತು. ಡೈರಿಯನ್ನಾದರೂ ಬಿಟ್ಟಳೇ? ದಾಂಡೇಲಿಯಲ್ಲಿ ಕಾಗದದ ಗಿರಣಿ ಶುರುವಾದ ಹೊಸತು. ಬಿದಿರಿನ ಲಾರಿಗಳು ನಮ್ಮೆದುರೇ ಓಡುತ್ತಿದ್ದವು.

"ಹಾಳಿಗಂತ ಬಿದಿರು ಕಡೀತಾರಲ್ಲ, ಅದನ್ನ ಕೇಳ್ಯಾರೇನು?"

"ನನಗೇನ ಗೊತ್ತು ಅತ್ತಿ?"

"ಹಂಗಾದ್ರ ಸಣ್ಣ ಅಕ್ಷರ ಬರಿ."

ಅಂದಿನಿಂದ ನನ್ನ ಬರವಣಿಗೆ ಇರುವೆ ಸಾಲು. ಮಾಸ್ತರರು ಓದಲಾಗದೆ ಕಡಿಮೆ ಅಂಕ ಕೊಟ್ಟರು.

ಮುಂದೆ ರಸ್ತೆ ಅಗಲ ಮಾಡುವವರು ಬಂದು ಗಿಡದ ಮೇಲೆ ಸುಣ್ಣದ ಗುರುತು ಹಾಕಿದರು. ಅತ್ತೆ ಅದರ ಮೇಲೆ ವಿಭೂತಿ ಬಳಿದು ಬುಡದಲ್ಲಿ ಕೂತಳು. ಕೊಡಲಿ ಹಿಡಿದ ಆಳುಗಳು ವಿಭೂತಿ ಕಂಡು ಕೈಮುಗಿದು ಹಿಂದೆ ಸರಿದರು. ಹೀಗೆ ಮೂರು ದಿನ. ನಾಲ್ಕನೆಯ ದಿನ ಅವರ ಮುಕಾದಮನೇ ಬಂದ.

"ಗಿಡಕ್ಕ ಕೇಳಿದ್ರೇನ್ರಿ?" ಎಂದಳು ಅತ್ತೆ.

"ಗಿಡಾ ಮಾತಾಡ್ತೈತೇನ್ರಿ, ಅಕ್ಕಾರ?"

"ಒಂದೀಟು ಸುಮ್ಮನ ನಿಂತ್ರ ಗೊತ್ತಾಗ್ತೈತಿ."

ಒಳ್ಳೆಯವನು, ಟೊಪ್ಪಿಗೆ ತೆಗೆದು ನಿಜಕ್ಕೂ ನಿಂತ. "ಕಡೀಲೇನಪಾ?" ಎಂದು ಕೇಳಿಯೂ ಕೇಳಿದ. ಅಷ್ಟರಲ್ಲಿ ಎಲ್ಲಿಂದಲೋ ಗಾಳಿ ಬಂತು. ಇಡೀ ಗಿಡ ಅಲುಗಿತು.

ಕಾಯಿದೆ ಅವಳದೇ. ಅತ್ತೆ ಎದ್ದು ನಿಂತಳು.

ಮುಕಾದಮನಿಗೇ ಕೆಡುಕೆನಿಸಿರಬೇಕು. "ಎಷ್ಟ ಬೇಕ ಅಷ್ಟ ಪತ್ರಿ ಹರಕೋರಿ" ಎಂದ. ಅತ್ತೆ ಹರಿದದ್ದು ಮೂರು. "ಹೋಗೂ ಹೊತ್ತಿನ್ಯಾಗ ಸುಲೀಬೇಕೇನು?"

ಆ ಮೂರನ್ನು ತೊಳೆದು ತೊಳೆದು ಇಪ್ಪತ್ತಾರು ದಿನ ಏರಿಸಿದಳು. ಆಮೇಲೆ ಬರೀ ನಾರು ಉಳಿಯಿತು. ಹಳಿಯಾಳದಿಂದ ತರುತ್ತೇನೆಂದರೆ, "ಗುರ್ತ ಇಲ್ಲದ ಗಿಡಕ್ಕ ಹೆಂಗ ಕೇಳೂದೋ?" ಎಂದಳು.

ಆ ರವಿವಾರ ಸಂಜೆ ನೋಡುತ್ತೇನೆ, ಗಿಡ ಕಡಿದು ಬಯಲಾದ ರಸ್ತೆಯಂಚಿಗೆ ಕೈಯೊಡ್ಡಿ ನಿಂತಿದ್ದಾಳೆ. ನಾನು ಎಣಿಸಿದೆ. ಇನ್ನೂರು ದಾಟಿದರೂ ಕೈ ಇಳಿಯಲಿಲ್ಲ.

ಡೈರಿ ತಂದು, ಆ ಕದ್ದ ಪತ್ರಿಯಿದ್ದ ಪುಟ ತೆರೆದು ಪಕ್ಕದಲ್ಲಿ ನಿಂತೆ. ಅದು ಕಂದಾಗಿತ್ತು, ಆದರೆ ಮೂರೂ ಎಲೆ ಇದ್ದವು. ಅತ್ತೆ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಚಾಚಿದ ಕೈಯನ್ನು ನನ್ನತ್ತ ತಿರುಗಿಸಿದಳು.

"ಯಪ್ಪಾ, ಒಂದು ಪತ್ರಿ ಕೊಡ್ತಿಯೇನು?"

ನನ್ನ ತಲೆ ಅಲುಗಿತು.